ಪೈಲಿ ಆಶಾನ್ ಹಾಕಿದ ರಬ್ಬರ್

ಬೆಳಿಗ್ಗೆ ಐದೂವರೆಗೆ ನಲ್ಲಿಯಲ್ಲಿ ನೀರು ಬಂತು, ಎರಡು ಹಂಡೆ ತುಂಬಿಸಿದೆ. ದೋಸೆಗೆ ನೆನೆಹಾಕಿದೆ. ಮಗಳ ಲಂಗದ ಅಂಚು ಬಿಚ್ಚಿ ಎರಡು ಬೆರಳು ಇಳಿಸಿ ಹೊಲಿದೆ. ದಿಂಬುಗಳನ್ನು ಬಿಸಿಲಿಗೆ ಹಾಕಿದೆ, ಮೋಡ ಕಂಡು ಒಳಗೆ ತಂದೆ, ಮೋಡ ಸರಿಯಿತು ಅಂತ ಮತ್ತೆ ಹಾಕಿದೆ. ಹನ್ನೊಂದು ಗಂಟೆಗೆ ಕಾರಿನ ಕೆಳಗೆ ಹಳೇ ಚಾಪೆ ಹಾಸಿಕೊಂಡು ಮಲಗಿ, ಕ್ಲಚ್ಚಿನ ಕೆಳಗಿನ ಸಿಲಿಂಡರ್ ಬಿಚ್ಚಿ, ರಬ್ಬರ್ ಬದಲಾಯಿಸಿ, ಗಾಳಿ ತೆಗೆದೆ. ಮಧ್ಯಾಹ್ನ ಹುಣಸೆಹಣ್ಣಿನ ಬೀಜ ಬಿಡಿಸಿದೆ.

ಇವುಗಳಲ್ಲಿ ಮಿಕ್ಕಿದ್ದನ್ನೆಲ್ಲ ಅಮ್ಮನಿಂದ ಕಲಿತೆ. ಕ್ಲಚ್ಚಿನ ಕೆಲಸ ಮಾತ್ರ ಪೈಲಿ ಆಶಾನ್ ಕಲಿಸಿದ್ದು. ಆಶಾನ್ ಅಂದರೆ ಇಲ್ಲಿ ಕೇರಳದವರ ಮಾತಿನಲ್ಲಿ ಗುರು. ಕೈಕೆಲಸದಲ್ಲಿ ಪಳಗಿದ ಮೇಸ್ತ್ರಿಯನ್ನೂ ಹಾಗೇ ಕರೆಯುತ್ತಾರೆ.

ಅವರು ಯಾರ ಕಾರಿಗೇ ಆಗಲಿ, ಹತ್ತುವ ಮೊದಲು ಚಪ್ಪಲಿ ಕಳಚಿ ಹೊರಗೆ ಜೋಡಿಸಿಡುತ್ತಿದ್ದರು. ಮೊದಲ ಸಲ ನೋಡಿದಾಗ ನಾನು, ಇದೇನು, ಇವರಿಗೆ ಕಾರೆಂದರೆ ಇಷ್ಟೊಂದು ಭಕ್ತಿಯೇ ಅಂದುಕೊಂಡೆ. ಭಕ್ತಿಯಲ್ಲ. ಪೆಡಲನ್ನು ಬರಿಗಾಲಲ್ಲಿ ಒತ್ತಬೇಕು, ಅದಕ್ಕೆ. "ಚಪ್ಪಲಿಗೆ ಎಂತ ಗೊತ್ತಾಗ್ತದೆ ಅಮ್ಮ? ಅದಕ್ಕೆ ನರ ಉಂಟಾ?" ಅಂದಿದ್ದರು.

ಹೌದು, ಅವರಿಗೆ ಕನ್ನಡ ಬರುತ್ತಿತ್ತು. ಹರೆಯದಲ್ಲಿ ಎಂಟು ವರ್ಷ ಮಂಗಳೂರಿನ ಒಂದು ಬಸ್ಸಿನ ಶೆಡ್ಡಿನಲ್ಲಿ ದುಡಿದಿದ್ದರಂತೆ. ಆ ಊರಿನ 'ಉಂಟು', 'ಎಂತ', 'ಮಾರಾಯ್ರೆ' ಎಲ್ಲ ಬಾಯಲ್ಲಿ ಉಳಿದಿತ್ತು, ನಡುನಡುವೆ ಮಲಯಾಳ ಸೇರುತ್ತಿತ್ತು. ಎರ್ನಾಕುಲದಲ್ಲಿ ಆಗ ನಾವು ಎಂಟು ಕನ್ನಡದ ಮನೆಗಳು, ಬ್ಯಾಂಕಿನವರು, ಕೇಂದ್ರ ಸರ್ಕಾರದ ಕಚೇರಿಗಳವರು. ನಾಲ್ಕು ಮನೆಯಲ್ಲಿ ಕಾರಿತ್ತು. ನಾಲ್ಕೂ ಪೈಲಿ ಆಶಾನರ ಬಾದಾಮಿ ಮರದ ಕೆಳಗೇ ಹೋಗುತ್ತಿದ್ದವು. ವರ್ಕ್‌ಶಾಪು ಅಂದರೆ ಆ ಮರ, ಒಂದು ತಗಡಿನ ಚಪ್ಪರ, ಒಂದು ಮರದ ಪೆಟ್ಟಿಗೆ, ಅಷ್ಟೇ. ಪೆಟ್ಟಿಗೆಯೊಳಗೆ ಸ್ಪ್ಯಾನರುಗಳು ನಮ್ಮ ಮನೆಯ ಚಮಚಗಳಿಗಿಂತ ಚೊಕ್ಕಟವಾಗಿರುತ್ತಿದ್ದವು. ಅದನ್ನು ಕಂಡೇ ನನಗೆ ಅವರ ಮೇಲೆ ಮೊದಲು ವಿಶ್ವಾಸ ಹುಟ್ಟಿದ್ದು.

ನಮ್ಮದು ಇನ್ನೊಬ್ಬರ ಕೈದಾಟಿ ಬಂದ ಪುಟ್ಟ ಕಾರು. ಒಂದು ಭಾನುವಾರ ಮೈಸೂರಿನಿಂದ ಬಂದ ನಮ್ಮ ಭಾವನವರಿಗೆ ಫೋರ್ಟ್ ಕೊಚ್ಚಿಯ ಚೀನೀ ಮೀನುಬಲೆಗಳನ್ನು ತೋರಿಸಿ ವಾಪಸು ಬರುವಾಗ, ಸೇತುವೆಯ ಮೇಲೆ ಗೇರ್ ಬೀಳಲೊಲ್ಲದು. ಕ್ಲಚ್ ತುಳಿದರೆ ಪೆಡಲ್ ಹಿಟ್ಟಿನೊಳಗೆ ಕಾಲಿಟ್ಟ ಹಾಗೆ ಮೆತ್ತಗೆ ಹೋಗುತ್ತಿತ್ತು, ಗೇರು ಕರಕರ ಅನ್ನುತ್ತಿತ್ತು. ಹಿಂದೆ ಲಾರಿಯವರ ಹಾರನ್ನು. ಭಾವನವರು ಪಂಚೆ ಮೇಲೆ ಕಟ್ಟಿ ಇಳಿದು ತಳ್ಳಿದರು. ಮೈಸೂರಿಗೆ ಹೋದ ಮೇಲೂ ಬಹಳ ದಿನ ಅದನ್ನೇ ಹೇಳಿಕೊಂಡರಂತೆ, ಕೊಚ್ಚಿಯಲ್ಲಿ ನೋಡಿದ್ದು ಕಾರಿನ ಹಿಂಭಾಗ ಅಂತ.

ಮಾರನೆಯ ದಿನ ಆಶಾನ್ ಮನೆಗೇ ಬಂದರು. ಯಜಮಾನರು ಕಚೇರಿಗೆ ಹೋಗಿದ್ದರು. ಚಪ್ಪಲಿ ಬಿಟ್ಟು ಒಳಗೆ ಕೂತು, ಕಣ್ಣು ಮುಚ್ಚಿ ಒಂದು ಸಲ ತುಳಿದರು. ಆಮೇಲೆ ಬೇಗಬೇಗ ನಾಲ್ಕು ಸಲ ತುಳಿದರು. ನಾಲ್ಕನೆಯದಕ್ಕೆ ಪೆಡಲ್ ಸ್ವಲ್ಪ ಗಟ್ಟಿಯಾಯಿತಂತೆ. "ಗಾಳಿ ಉಂಟು. ಗಾಳಿ ಒಳಗೆ ಹೋಗಬೇಕಾದರೆ ಎಣ್ಣೆ ಎಲ್ಲಿಯೋ ಹೊರಗೆ ಬಂದಿರಬೇಕು," ಅಂದು ಕಾರಿನ ಕೆಳಗೆ ಹೋದರು. ಕೆಳಗಿನ ಸಿಲಿಂಡರಿನ ಬಾಯಿಗೆ ಮುಚ್ಚಿದ ರಬ್ಬರ್ ಟೋಪಿಯನ್ನು ಬೆರಳಲ್ಲಿ ಸರಿಸಿದರೆ ಒಳಗೆಲ್ಲ ಒದ್ದೆ.

ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದುದರಿಂದ ನನಗೂ ತಿಳಿಸಿ ಹೇಳಿದರು. ಮೇಲೆ ಒಂದು ಸಿಲಿಂಡರ್, ಅದು ಯಜಮಾನ. ಕೆಳಗೆ ಒಂದು, ಅದು ಕೆಲಸದವ. ನಡುವೆ ಕೊಳವೆಯಲ್ಲಿರುವ ಎಣ್ಣೆ ಅವನ ಮಾತನ್ನು ಇವನಿಗೆ ಮುಟ್ಟಿಸುತ್ತದೆ. ನಡುವೆ ಗಾಳಿ ಸೇರಿದರೆ ಮೇಲಿನವ ಕೂಗಿಕೊಂಡರೂ ಕೆಳಗಿನವನಿಗೆ ಕೇಳುವುದಿಲ್ಲ.

ಹೊಸ ರಬ್ಬರ್ ಹಾಕಿದ ಮೇಲೆ ಗಾಳಿ ತೆಗೆಯಲು ಇಬ್ಬರು ಬೇಕು. ಬೇರೆ ಯಾರೂ ಇರಲಿಲ್ಲ. ನಾನು ಸೆರಗು ಸಿಕ್ಕಿಸಿ ಪೆಡಲಿನ ಮುಂದೆ ಕೂತೆ. ಕೆಳಗಿನಿಂದ ಆಶಾನ್ ದನಿ ಬರುತ್ತಿತ್ತು: ಒತ್ತಿ. ಹಿಡೀರಿ. ಬಿಡಬೇಡಿ. ಈಗ ಬಿಡಿ. ಬಾಟಲಿಯಲ್ಲಿ ಮುಳುಗಿಸಿದ ಸಣ್ಣ ಟ್ಯೂಬಿನಿಂದ ಗುಳ್ಳೆ ಬರುವುದು ನಿಂತಾಗ ನನ್ನ ಕಾಲಿಗೇ ಅದು ತಿಳಿಯಿತು. ಮೆತ್ತಗಿದ್ದದ್ದು ಗಟ್ಟಿಯಾಯಿತು. ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ಮೊದಲ ಸಲ ಆ ಕಾರು ನನ್ನದೂ ಹೌದು ಅನ್ನಿಸಿತು.

ಹೋಗುವಾಗ ಬಾನೆಟ್ಟಿನ ಒಳಗಿನ ಪುಟ್ಟ ಡಬ್ಬಿಯನ್ನು ತೋರಿಸಿ, ಆಗಾಗ ಮುಚ್ಚಳ ತೆಗೆದು ನೋಡಿ, ಎಣ್ಣೆ ಕಮ್ಮಿಯಾದರೆ ಹಾಕಿ ಅಂದರು. ಯಾವ ಎಣ್ಣೆ ಅಂತ ಅವರು ಹೇಳಲಿಲ್ಲ. ಹೇಳಬೇಕು ಅಂತ ಅವರಿಗೆ ತೋಚಿರಲಾರದು. ಕೇಳಬೇಕು ಅಂತ ನನಗೂ ತೋಚಲಿಲ್ಲ.

ಉಪ್ಪಿನಕಾಯಿ ಜಾಡಿಯಲ್ಲಿ ಎಣ್ಣೆ ಮೇಲೆ ನಿಂತಿದೆಯೋ ಇಲ್ಲವೋ ಅಂತ ನೋಡಿ ನೋಡಿ ಅಭ್ಯಾಸವಾದ ಕಣ್ಣು ನನ್ನದು. ವಾರದ ಮೇಲೆ ಡಬ್ಬಿಯ ಮುಚ್ಚಳ ತೆಗೆದೆ. ಎಣ್ಣೆ ಡಬ್ಬಿಯ ಮೇಲಿನ ಗೆರೆಗಿಂತ ಒಂದು ಕೂದಲೆಳೆಯಷ್ಟು ಕೆಳಗಿದೆ ಅನ್ನಿಸಿತು. ಹೊಲಿಗೆ ಮಿಷಿನ್ನಿನ ಎಣ್ಣೆ ಇತ್ತು, ತೆಳ್ಳಗೆ, ತಿಳಿಯಾಗಿ. ಯಂತ್ರಕ್ಕೆ ಯಂತ್ರದ ಎಣ್ಣೆ ತಾನೆ ಅಂತ ಎರಡು ಚಮಚ ಹಾಕಿ, ಒರೆಸಿ ಮುಚ್ಚಿದೆ. ಯಾರಿಗೂ ಹೇಳಲಿಲ್ಲ. ಹೇಳುವಂಥ ಕೆಲಸ ಅಂತಲೂ ಅನ್ನಿಸಿರಲಿಲ್ಲ.

ಹತ್ತು ದಿನಕ್ಕೆ ಪೆಡಲ್ ಕೆಳಗೆ ಹೋದದ್ದು ಮೇಲೆ ಬರಲಿಲ್ಲ. ಯಜಮಾನರು ಕಚೇರಿಯ ಗೇಟಿನ ಮುಂದೆ ಎಲ್ಲರೆದುರು ಸಿಕ್ಕಿಹಾಕಿಕೊಂಡಿದ್ದರು. ಆಶಾನರನ್ನು ಕರೆಸಿ, ಹಳೇ ರಬ್ಬರ್ ಹಾಕಿ ಹೊಸದು ಅಂದಿರಾ ಅಂತ ಕೇಳಿದರು.

ಆಶಾನ್ ಡಬ್ಬಿಯೊಳಗೆ ಬೆರಳದ್ದಿ ಮೂಸಿದರು. ನನ್ನ ಹತ್ತಿರ ಒಂದು ಲೋಟ ನೀರು ಕೇಳಿದರು. ಕುಡಿಯಲು ಅಂತ ತಂದುಕೊಟ್ಟೆ. ಅವರು ಬೆರಳಿನಿಂದ ಒಂದು ಹನಿ ಅದರೊಳಗೆ ಬಿಟ್ಟರು. ಕ್ಲಚ್ಚಿಗೆ ಹಾಕುವುದು ಬ್ರೇಕ್ ಆಯಿಲ್, ಬೇರೆ ಎಣ್ಣೆ ತಾಗಿದರೆ ರಬ್ಬರ್ ಊದುತ್ತದೆ, ಬ್ರೇಕ್ ಆಯಿಲ್ ಆದರೆ ನೀರಿನಲ್ಲಿ ಕರಗಿಹೋಗುತ್ತದೆ ಅಂತೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಇದು ಕರಗಲಿಲ್ಲ, ಬಣ್ಣಬಣ್ಣದ ಪೊರೆಯಾಗಿ ಮೇಲೆ ಹರಡಿತು. ಅವರ ಕಣ್ಣು ಜಗುಲಿಯ ಮೇಲಿದ್ದ ನನ್ನ ಹೊಲಿಗೆ ಮಿಷಿನ್ನಿಗೆ ಹೋಯಿತು, ಅದರ ಪಕ್ಕದ ಎಣ್ಣೆ ಡಬ್ಬಿಗೆ ಹೋಯಿತು, ಆಮೇಲೆ ನನ್ನ ಮುಖಕ್ಕೆ ಬಂತು. ಲೋಟದ ನೀರನ್ನು ಬೇಲಿಯ ಬುಡಕ್ಕೆ ಚೆಲ್ಲಿಬಿಟ್ಟರು.

"ರಬ್ಬರ್ ಊದಿಕೊಂಡಿದೆ ಸಾರ್," ಅಂದರು. "ಹಾಕಿದವ ನಾನಲ್ಲವಾ? ನಾನೇ ಸರಿ ಮಾಡಿಕೊಡ್ತೇನೆ."

ಯಜಮಾನರು ಅದನ್ನು ತಪ್ಪೊಪ್ಪಿಗೆ ಅಂತಲೇ ತಿಳಿದರು. ನಾನು ಬಾಯಿ ತೆರೆಯಲಿಲ್ಲ. ಯಜಮಾನರ ಮುಖ ಅಷ್ಟು ಕೆಂಪಾಗಿತ್ತು. ಆಶಾನ್ ಎರಡು ದಿನ ಕೂತು ಮೇಲಿನದು ಕೆಳಗಿನದು ಎರಡರ ರಬ್ಬರನ್ನೂ, ನಡುವಿನ ರಬ್ಬರ್ ಕೊಳವೆಯನ್ನೂ ಬದಲಾಯಿಸಿ, ಪೈಪನ್ನು ಸ್ಪಿರಿಟ್ಟಿನಲ್ಲಿ ತೊಳೆದು ಕೊಟ್ಟರು.

ನಮ್ಮ ಎಂಟು ಮನೆಯವರು ತಿಂಗಳಿಗೊಂದು ಭಾನುವಾರ ಒಂದೊಂದು ಮನೆಯಲ್ಲಿ ಸೇರಿ ಊಟ ಮಾಡುವ ಪದ್ಧತಿ ಇತ್ತು. ದೂರದ ಊರಿನಲ್ಲಿ ಅಂಥ ಪಂಕ್ತಿಯಲ್ಲಿ ಬಿದ್ದ ಮಾತು ಕೋರ್ಟಿನ ತೀರ್ಪಿನ ಹಾಗೆ. ಯಾವ ಡಾಕ್ಟರು, ಯಾವ ಅಂಗಡಿಯ ಬೇಳೆ, ಎಲ್ಲ ಅಲ್ಲೇ ತೀರ್ಮಾನ. ಯಜಮಾನರು ಅಲ್ಲಿ ರಬ್ಬರಿನ ಕತೆ ಹೇಳಿದರು. ಮುಂದಿನ ತಿಂಗಳಿಗೆ ಮಿಕ್ಕ ಮೂರು ಕಾರುಗಳೂ ಪೇಟೆಯ ದೊಡ್ಡ ವರ್ಕ್‌ಶಾಪು ಹಿಡಿದವು. ಅವರ ಕಚೇರಿಗಳ ಮಲಯಾಳಿ ಗೆಳೆಯರಿಗೂ ಸುದ್ದಿ ಮುಟ್ಟಿತು. ತರಕಾರಿಗೆ ಹೋಗುವಾಗ ನೋಡುತ್ತಿದ್ದೆ: ಬಾದಾಮಿ ಮರದ ಕೆಳಗೆ ಬರೀ ಎಲೆ. ಆಶಾನ್ ಪೆಟ್ಟಿಗೆ ತೆರೆದು, ಒರೆಸಿದ ಸ್ಪ್ಯಾನರನ್ನೇ ಮತ್ತೆ ಒರೆಸುತ್ತ ಕೂತಿರುತ್ತಿದ್ದರು. ನನ್ನನ್ನು ಕಂಡರೆ ಎಂದಿನ ಹಾಗೇ, ಊಟ ಆಯ್ತಾ ಅಮ್ಮ ಅಂತ ಕೇಳುತ್ತಿದ್ದರು. ನಾನು ಬೇರೆ ಬೀದಿಯಿಂದ ಹೋಗತೊಡಗಿದೆ.

ನಾಲ್ಕನೆಯ ತಿಂಗಳ ಊಟ ನಮ್ಮ ಮನೆಯಲ್ಲಿ. ಧಾರವಾಡದ ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದವರು ಕಾರು ಯಾರಿಗೆ ತೋರಿಸಲಿ ಅಂತ ಕೇಳಿದರು. ಯಜಮಾನರು, ಎಲ್ಲಿಗಾದರೂ ಹೋಗಿ, ಪೈಲಿಯ ಹತ್ತಿರ ಮಾತ್ರ ಬೇಡ ಅಂತ ಶುರು ಮಾಡಿದರು. ನಾನು ಸಾರಿನ ಪಾತ್ರೆ ಹಿಡಿದು ಎರಡನೆಯ ಸುತ್ತು ಬಡಿಸುತ್ತಿದ್ದೆ.

"ಆಶಾನ್ ಹಾಕಿದ ರಬ್ಬರ್ ಚೆನ್ನಾಗೇ ಇತ್ತು," ಅಂದೆ. "ಅದಕ್ಕೆ ಹೊಲಿಗೆ ಮಿಷಿನ್ ಎಣ್ಣೆ ಹಾಕಿ ಕೆಡಿಸಿದ್ದು ನಾನು. ಅವರಿಗೆ ಅವತ್ತೇ ಗೊತ್ತಾಗಿತ್ತು. ಹೇಳಲಿಲ್ಲ."

ಬ್ಯಾಂಕಿನ ಶಾಮಣ್ಣನವರು, "ಸದ್ಯ, ಒಗ್ಗರಣೆ ಹಾಕಲಿಲ್ಲವಲ್ಲ ತಾಯಿ," ಅಂದರು. ಎಲ್ಲರೂ ನಕ್ಕರು, ಯಜಮಾನರೊಬ್ಬರನ್ನು ಬಿಟ್ಟು. ಅವರು ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಆಶಾನರ ಹತ್ತಿರ ಹೋಗಿ ಒಂದು ಮಾತು ಹೇಳಿ ಬನ್ನಿ ಅಂದೆ. ಹೋಗಲಿಲ್ಲ. ಕೋಪವಲ್ಲ ಅದು, ನಾಚಿಕೆ. ಗಂಡಸರಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ಧಾರವಾಡದವರು ಆಶಾನರ ಹತ್ತಿರವೇ ಹೋದರು. ಹಳಬರಲ್ಲಿ ಒಬ್ಬರು ವಾಪಸು ಬಂದರು. ಮಿಕ್ಕವರಿಗೆ ಆಗಲೇ ದೊಡ್ಡ ವರ್ಕ್‌ಶಾಪು ಒಗ್ಗಿಹೋಗಿತ್ತು. ಹೆಸರು ಹೋದಷ್ಟು ಬೇಗ ಬರುವುದಿಲ್ಲ.

ನಾನೇ ಹೋದೆ, ಒಬ್ಬಳೇ. ಅಷ್ಟು ದಿನ ಯಾಕೆ ಸುಮ್ಮನಿದ್ದಿರಿ ಆಶಾನೇ ಅಂತ ಕೇಳಿದೆ. ಅವರು ಹತ್ತಿಬಟ್ಟೆಯಿಂದ ಕೈಯೊರೆಸಿಕೊಂಡರು.

"ಇಷ್ಟು ವರ್ಷದಲ್ಲಿ ನಾನು ಎಷ್ಟು ಜನರಿಗೆ ಮುಚ್ಚಳ ತೆಗೆದು ನೋಡಿ ಅಂತ ಹೇಳಿದ್ದೇನೆ ಮಾರಾಯ್ರೆ. ನೋಡಿದವರು ನೀವೊಬ್ಬರೇ. ಅವತ್ತು ಸಾರ್ ಎದುರು ಹೇಳಿದರೆ ನೀವು ಮತ್ತೆ ಬಾನೆಟ್ ಮುಟ್ಟುತ್ತಿದ್ದಿರಾ?"

ಆಮೇಲೆ ಅವರೇ ಕಲಿಸಿದರು. ಧಾರವಾಡದವರ ಕಾರಿನ ಕೆಳಗೆ ನನ್ನನ್ನು ಕಳಿಸಿ, ತಾವು ಮೇಲೆ ಕೂತು ಪೆಡಲ್ ಒತ್ತಿದರು. ಸಿಲಿಂಡರಿನ ಒಳಗೋಡೆಯನ್ನು ಕಿರುಬೆರಳಲ್ಲಿ ಸವರಿ ಗೀರು ನೋಡುವುದು, ರಬ್ಬರನ್ನು ಬ್ರೇಕ್ ಆಯಿಲಿನಲ್ಲಿ ಅದ್ದಿಯೇ ಕೂರಿಸುವುದು, ಸ್ಕ್ರೂ ಬಿಗಿಯುವವರೆಗೆ ಕಾಲು ಬಿಡಗೊಡದಿರುವುದು. ತಪ್ಪು ಮಾಡಿದರೆ ಬೈಯುತ್ತಿರಲಿಲ್ಲ, ನಾಲಿಗೆಯಲ್ಲಿ ಚಿಟಿಕೆ ಹೊಡೆದಂತೆ ಒಂದು ಸದ್ದು ಮಾಡುತ್ತಿದ್ದರು.

ನಮಗೆ ತಿರುವನಂತಪುರಕ್ಕೆ ವರ್ಗವಾದಾಗ ಹೊರಡುವ ಮೊದಲು ಯಜಮಾನರು ತಾವಾಗಿಯೇ ಕಾರನ್ನು ಬಾದಾಮಿ ಮರದ ಕೆಳಗೆ ತಂದು ನಿಲ್ಲಿಸಿದರು. ದೂರದ ದಾರಿ, ಕ್ಲಚ್ ಒಂದು ಸಲ ನೋಡಿಬಿಡಿ ಅಂದರು. ಅವರ ಬಾಯಿಂದ ಅಷ್ಟೇ ಬಂತು. ಆಶಾನ್ ನನ್ನ ಕಡೆ ತಿರುಗಿ, ನೀವು ನೋಡಿದ್ದೀರಾ ಅಂತ ಕೇಳಿದರು. ನಿನ್ನೆಯೇ ನೋಡಿದೆ ಅಂದೆ.

"ಹಾಗಾದರೆ ನಾನು ನೋಡಲಿಕ್ಕೆ ಎಂತ ಉಂಟು ಸಾರ್? ಧೈರ್ಯವಾಗಿ ಹೋಗಿ."

ಅದೇ ಕೊನೆ. ಹೋದ ಮಳೆಗಾಲದಲ್ಲಿ ತೀರಿಕೊಂಡರು ಅಂತ ಧಾರವಾಡದವರ ಕಾಗದ ಬಂತು. ಕೊನೆಯ ವರ್ಷ ಕಣ್ಣು ಕಾಣುತ್ತಿರಲಿಲ್ಲವಂತೆ. ಪೆಡಲ್ ಒತ್ತಿ ನೋಡಿ ಹೇಳಿ ಅಂತ ಜನ ಆಗಲೂ ಕೈಹಿಡಿದು ಕರೆದೊಯ್ಯುತ್ತಿದ್ದರಂತೆ. ಎಷ್ಟು ಜನ ಅಂತ ಬರೆದಿರಲಿಲ್ಲ.

ನಿನ್ನೆ ಇಲ್ಲಿ ತಿರುವನಂತಪುರದ ಉಳ್ಳೂರ್ ಜಂಕ್ಷನ್ನಿನಲ್ಲಿ ಪೆಡಲ್ ಮೆತ್ತಗಾಯಿತು. ಇವತ್ತು ಯಜಮಾನರು ಮೇಲೆ ಕೂತು ಒತ್ತಿದರು, ನಾನು ಕೆಳಗಿದ್ದೆ. ಪಕ್ಕದ ಮನೆಯ ಮೆಡಿಕಲ್ ಕಾಲೇಜಿನ ಡಾಕ್ಟರು ಬೇಲಿಯ ಹತ್ತಿರ ನಿಂತು, ಚೇಚಿಗೆ, ಅಂದರೆ ಅಕ್ಕನಿಗೆ, ಇದನ್ನೆಲ್ಲ ಯಾರು ಕಲಿಸಿದ್ದು ಅಂತ ಮಲಯಾಳದಲ್ಲಿ ಕೇಳಿದರು. ನಾನು ಚಾಪೆಯಿಂದ ಹೊರಗೆ ಸರಿಯುವಷ್ಟರಲ್ಲಿ ಯಜಮಾನರು ತಮ್ಮ ಅರೆಬರೆ ಮಲಯಾಳದಲ್ಲಿ ಉತ್ತರ ಕೊಟ್ಟಿದ್ದರು. ಕನ್ನಡದಲ್ಲಿ ಹೇಳುವುದಾದರೆ ಇಷ್ಟು:

"ಎರ್ನಾಕುಲದಲ್ಲಿ ಪೈಲಿ ಆಶಾನ್ ಅಂತ ಇದ್ದರು. ಒಳ್ಳೆಯ ಕೆಲಸಗಾರ. ನಾನು ಸುಳ್ಳೇ ಅವರ ಹೆಸರು ಕೆಡಿಸಿದ್ದೆ. ಅವರಿಗೆ ಹೇಳಲಿಕ್ಕೆ ಆಗಲಿಲ್ಲ."

ನಾನು ಮತ್ತೆ ಕಾರಿನ ಕೆಳಗೆ ಸರಿದೆ. ಬಿಗಿಯಾಗಿದ್ದ ಸ್ಕ್ರೂವನ್ನೇ ಇನ್ನೊಮ್ಮೆ ಬಿಗಿದೆ.

ರಾತ್ರಿ ಅನ್ನ, ಹುರುಳಿ ಸಾರು, ಸುಟ್ಟ ಹಪ್ಪಳ. ಮಗಳು ಮಲಯಾಳದಲ್ಲಿ ಇನ್ನೊಂದು ಹಪ್ಪಳ ಕೇಳಿದಳು, ಕೊಟ್ಟೆ. ಯಜಮಾನರು ಮಜ್ಜಿಗೆಗೆ ಎರಡು ಸಲ ಅನ್ನ ಹಾಕಿಸಿಕೊಂಡರು. ಮೊದಲು ನಿದ್ದೆ ಹೋದವರು ಅವರೇ.