ಮೆದೆಗೆ ಬಿದ್ದ ಬೆಂಕಿಯೂ ವಂದನಾರ್ಪಣೆಯೂ

ಐವತ್ತರ ದಶಕದ ಆರಂಭದಲ್ಲಿ ನಾನು ಮೈಸೂರಿನ ಒಂದು ಕನ್ನಡ ದಿನಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದೆ. ಕಚೇರಿ ಇದ್ದದ್ದು ದೇವರಾಜ ಮೊಹಲ್ಲಾದ ಒಂದು ಪಾತ್ರೆ ಅಂಗಡಿಯ ಮಹಡಿಯಲ್ಲಿ. ಹಳ್ಳಿಗಳಿಂದ ಸುದ್ದಿ ಕಳಿಸುತ್ತಿದ್ದವರು ಸಂಬಳವಿಲ್ಲದ ಬಾತ್ಮೀದಾರರು. ಹೆಚ್ಚಿನವರು ಶಾಲೆ ಮೇಷ್ಟರು, ಕೆಲವರು ವ್ಯಾಪಾರಿಗಳು. ಅವರಿಗೆಲ್ಲ ಪತ್ರಿಕೆ ಒಂದು ನೇಮಕದ ಪತ್ರವನ್ನೂ, ಸುದ್ದಿ ಬರೆಯುವುದು ಹೇಗೆಂದು ತಿಳಿಸುವ ಅಚ್ಚಿನ ಹಾಳೆಯನ್ನೂ ಕೊಡುತ್ತಿತ್ತು.

ಆ ಹಾಳೆ ಸ್ವಾತಂತ್ರ್ಯಕ್ಕೆ ಮುಂಚಿನದು. ಕಚೇರಿಯ ವಿಳಾಸ ಬದಲಾಗಿತ್ತು, ಲಕೋಟೆ ತರುವ ಬಸ್ಸುಗಳ ಹೊತ್ತೂ ಬದಲಾಗಿತ್ತು. ಸುದ್ದಿ ಸಂಪಾದಕರು ಅದನ್ನು ತಿದ್ದಿ ಹೊಸದಾಗಿ ಅಚ್ಚು ಹಾಕಿಸಲು ನನಗೆ ಹೇಳಿದರು. ಒಂದು ಮಧ್ಯಾಹ್ನದ ಕೆಲಸವೆಂದುಕೊಂಡೆ.

ಅದೇ ವಾರ ನಂಜನಗೂಡು ಕಡೆಯ ಒಂದು ಹಳ್ಳಿಯಿಂದ ವರದಿ ಬಂತು. ಬರೆದವರು ಬಾಳೆಎಲೆ ವ್ಯಾಪಾರಿ. ಹುಲ್ಲಿನ ಮೆದೆಗಳಿಗೆ ಬೆಂಕಿ ಬಿದ್ದ ಸಂದರ್ಭವು ಗ್ರಾಮಸ್ಥರ ಭಾರಿ ಉಪಸ್ಥಿತಿಯಲ್ಲಿ ಜರುಗಿತೆಂದು ಅದು ಶುರುವಾಗುತ್ತಿತ್ತು. ಪಟೇಲರು ಅಗ್ರಸ್ಥಾನ ಅಲಂಕರಿಸಿದ್ದರು. ಮೇಷ್ಟರು ಸಮಯೋಚಿತವಾಗಿ ಮಾತನಾಡಿದರು. ನೀರು ಹೊತ್ತವರಿಗೆ ವಂದನಾರ್ಪಣೆಯೂ ಆಯಿತು. ಊರಿನ ದನಗಳಿಗೆ ಮೇವೇ ಉಳಿದಿಲ್ಲವೆಂಬ ಸಂಗತಿ ಕೊನೆಯ ಸಾಲಿನಲ್ಲಿತ್ತು.

ಸುದ್ದಿ ಸಂಪಾದಕರು ಓದಿ ಕನ್ನಡಕ ತೆಗೆದಿಟ್ಟರು.

"ಏನ್ರೀ, ಈ ಮನುಷ್ಯ ನಮ್ಮನ್ನ ಗೇಲಿ ಮಾಡ್ತಿದಾನಾ? ನೇಮಕದ ಪತ್ರ ವಾಪಸ್ ತಗೊಳ್ಳಿ."

ಅವರು ವಾರಕ್ಕೊಮ್ಮೆ ಮಾರುಕಟ್ಟೆಗೆ ಎಲೆ ತರುತ್ತಾರೆ, ಒಂದು ಸಲ ಮಾತಾಡಿ ನೋಡುತ್ತೇನೆ ಎಂದೆ. ಸರಿ, ಆದರೆ ಇದೇ ಕೊನೆಯ ಅವಕಾಶ ಎಂದರು.

ವ್ಯಾಪಾರಿ ಬಂದರು. ಎಲೆಯ ಪಿಂಡಿಗಳನ್ನು ಅಂಗಡಿಗೆ ಹಾಕಿ, ಕೈಕಾಲು ತೊಳೆದುಕೊಂಡೇ ಮಹಡಿ ಹತ್ತಿದ್ದರು. ಕರೆಸಿದ್ದೇಕೆಂದು ಅವರಿಗೆ ಅಂದಾಜಿತ್ತು. ತಾವು ಕಳಿಸಿದ್ದು ಅಚ್ಚಾಗದೆ ಬಹಳ ಕಾಲವಾಯಿತು, ಊರಿನ ಕಾಫಿ ಹೋಟೆಲಿಗೆ ಹೋಗುವುದೇ ಕಷ್ಟವಾಗಿದೆ ಎಂದರು. "ಏನ್ ಪೇಪರ್ ಯಜಮಾನ್ರೇ, ನಿಮ್ ಪೇಪರಿನೋರ ಲೆಕ್ಕದಲ್ಲಿ ನಮ್ಮೂರು ಇನ್ನೂ ಹುಟ್ಟೇ ಇಲ್ವಾ?" ಎಂದು ಅಲ್ಲಿ ಕೂತವರು ಕೇಳುತ್ತಿದ್ದರಂತೆ. ಈಗ ನೇಮಕದ ಪತ್ರವೂ ಹೋದರೆ ಆ ಬಾಗಿಲ ಮುಂದೆ ಹಾದುಹೋಗುವಂತೆಯೇ ಇಲ್ಲ.

ಅದು ಹಾಗಿರಲಿ, ಬೆಂಕಿ ಬಿದ್ದದ್ದು ಹೇಗೆ ಹೇಳಿ ಎಂದೆ. ಅವರು ಬೆಂಚಿನ ತುದಿಗೆ ಸರಿದು ಕೂತು ಹೇಳಿದರು. ಕಣದ ಪಕ್ಕ ಯಾರೋ ಬೂದಿ ಚೆಲ್ಲಿದ್ದರು, ಗಾಳಿಗೆ ಅದರ ಕೆಂಡ ಹತ್ತಿಕೊಂಡಿತು. ಮೆದೆಗಳು ಒತ್ತೊತ್ತಾಗಿದ್ದರಿಂದ ಒಂದೂ ಉಳಿಯಲಿಲ್ಲ. ಹೆಂಗಸರು ಮೊದಲು ದನಗಳ ಹಗ್ಗ ಕೊಯ್ದರು, ಜನಕ್ಕಾಗಲಿ ದನಕ್ಕಾಗಲಿ ಏನೂ ಆಗಲಿಲ್ಲ. ಈಗ ಪಕ್ಕದ ಊರಿನಿಂದ ಹುಲ್ಲು ಬೇಡಿ ತರುತ್ತಿದ್ದಾರೆ. ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡೆ. ತಿದ್ದಲು ಹೆಚ್ಚೇನೂ ಇರಲಿಲ್ಲ.

ಹೀಗೇ ಬರೆಯಬಹುದಿತ್ತಲ್ಲ ಎಂದು ಕೇಳಿದೆ. ಅವರು ಒಳಜೇಬಿನಿಂದ ಮಡಿಕೆಗಳಲ್ಲಿ ಹರಿದಿದ್ದ ನಮ್ಮ ಹಾಳೆ ತೆಗೆದು ಮೇಜಿನ ಮೇಲೆ ಹರಡಿದರು. ವಿಳಾಸ, ಬಸ್ಸು ಎಂದು ನೋಡುತ್ತಿದ್ದ ನಾನು ಅದರ ಕೆಳಭಾಗವನ್ನು ಗಮನಿಸಿಯೇ ಇರಲಿಲ್ಲ. ಅಲ್ಲೊಂದು ಮಾದರಿ ವರದಿಯಿತ್ತು: ಶಾಲೆಯೊಂದರ ವಾರ್ಷಿಕೋತ್ಸವ. ಎಲ್ಲ ಸುದ್ದಿಗಳನ್ನೂ ಈ ಕ್ರಮದಲ್ಲಿಯೇ ಬರೆಯತಕ್ಕದ್ದು ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು.

"ಇಂಗೇ ಬರೀಬೇಕು ಅಂತ ನೀವೇ ಆಕಿದೀರಲ್ಲ ಸ್ವಾಮಿ. ಬೆಂಕಿಗೆ ಅಧ್ಯಕ್ಷರು ಎಲ್ಲಿಂದ ತರಾನ ಅಂತ ನಂಗೂ ಯೋಚ್ನೆ ಆಯ್ತು. ಯಾರು ಬರೆದದ್ದು ಇದ?"

ಪಕ್ಕದ ಮೇಜಿನಿಂದ ಸುದ್ದಿ ಸಂಪಾದಕರು ತಲೆ ಎತ್ತದೆ ಹೇಳಿದರು:

"ನಾನೇ ಕಣ್ರೀ."

ವ್ಯಾಪಾರಿ ಎದ್ದು ನಿಂತುಬಿಟ್ಟರು. ಸಂಪಾದಕರು ಅವರನ್ನು ಕೂರಿಸಿ, ಆ ಕಾಲಕ್ಕೆ ಬರುತ್ತಿದ್ದದ್ದೆಲ್ಲ ಸಭೆ ಸಮಾರಂಭದ ಸುದ್ದಿಯೇ ಎಂದರು. ನಾನು ಬರೆದುಕೊಂಡಿದ್ದನ್ನು ತರಿಸಿ ಓದಿದರು. ವ್ಯಾಪಾರಿಗೆ ಕಾಫಿ ತರಿಸಿದರು. ನೇಮಕದ ಪತ್ರದ ಮಾತು ಆಮೇಲೆ ಯಾರೂ ಎತ್ತಲಿಲ್ಲ.

ಬೆಂಕಿಯ ಸುದ್ದಿ ಮರುದಿನವೇ ಪತ್ರಿಕೆಯಲ್ಲಿ ಬಂತು. ಹೊಸ ಹಾಳೆಯಲ್ಲಿ ವಾರ್ಷಿಕೋತ್ಸವ ತೆಗೆದು ಆ ಬೆಂಕಿಯ ಸುದ್ದಿಯನ್ನೇ ಮಾದರಿಯಾಗಿ ಹಾಕಿದೆವು. ಎಲ್ಲ ಊರುಗಳಿಗೂ ಕಳಿಸಿದೆವು. ಕೆಲಸ ಮುಗಿಯಿತೆಂದು ನಾನು ನೆಮ್ಮದಿಯಾಗಿದ್ದೆ.

ಸ್ವಲ್ಪ ದಿನಕ್ಕೆ ಇನ್ನೊಂದು ಹಳ್ಳಿಯ ಮೇಷ್ಟರಿಂದ ಒಂದು ವರದಿ. ತಮ್ಮ ಶಾಲೆಯ ವಾರ್ಷಿಕೋತ್ಸವ ನಡೆಯಿತೆಂದು ಬರೆದು, ಯಾರಿಗೂ ಗಾಯಗಳಾಗಿಲ್ಲ, ದನಕರುಗಳು ಸುರಕ್ಷಿತವಾಗಿವೆ ಎಂದು ಸೇರಿಸಿದ್ದರು. ಸುದ್ದಿ ಸಂಪಾದಕರು ನಗು ತಡೆಯಲಾರದೆ ಹಾಳೆಯಿಂದ ಮುಖ ಮುಚ್ಚಿಕೊಂಡರು.

ಮತ್ತೆ ಕೂತೆವು. ಈ ಸಲ ಮಾದರಿಯನ್ನೇ ಕೈಬಿಟ್ಟು ಒಂದೇ ಸೂಚನೆ ಬರೆದೆವು: ಆ ದಿನ ಊರಲ್ಲಿಲ್ಲದ ನೆಂಟರು ಬಂದು ಏನಾಯಿತೆಂದು ಕೇಳಿದರೆ ನೀವು ಮೊದಲು ಏನು ಹೇಳುತ್ತೀರೋ, ಅದನ್ನು ಮೊದಲು ಬರೆಯಿರಿ. ಅಚ್ಚಿಗೆ ಕೊಡುವ ಮುಂಚೆ ಎಲೆ ವ್ಯಾಪಾರಿಗೆ ತೋರಿಸಿ ಬನ್ನಿ ಎಂದು ಸಂಪಾದಕರೇ ಹೇಳಿದರು.

ಮಾರುಕಟ್ಟೆಯಲ್ಲಿ ಅವರು ಪಿಂಡಿಗಳ ನಡುವೆ ನಿಂತೇ ಓದಿದರು. ಇನ್ನೊಂದು ಸಲ, ಗಟ್ಟಿಯಾಗಿ ಓದಿದರು. ಎಲೆ ಕೊಳ್ಳಲು ಬಂದಿದ್ದ ಅಡುಗೆ ಭಟ್ಟರು ಏನದು ಎಂದು ಕೇಳಿದಾಗ, ಪತ್ರಿಕೆಯವರು ನನ್ನ ಅಭಿಪ್ರಾಯ ಕೇಳ್ತಾ ಇದಾರೆ, ಒಂದು ಗಳಿಗೆ ತಡೀರಿ ಎಂದರು.

"ಇದು ತಿಳೀತದೆ ಸ್ವಾಮಿ," ಎಂದು ಹಾಳೆಯನ್ನು ನನ್ನ ಕೈಗಿಟ್ಟರು. "ಅಚ್ಚಿಗೆ ಕೊಡಿ."