ಲೆಕ್ಕಕ್ಕೆ ಬಾರದ ಮೊದಲ ಗುಂಡು

ನಮ್ಮ ಕುಹ್ಮೊ ಊರಿನ ಕಡೆಯ ಬೇಟೆಗಾರರಲ್ಲಿ ತೌನೊ ಒಂದು ವಿಚಿತ್ರ ಪ್ರಾಣಿ. ಬೇಟೆ ತಂಡದ ಪಟ್ಟಿಯಲ್ಲಿ ಹೆಸರಿದ್ದರೂ ಅವನು ಮೂಸ್ ಕಡವೆಗೆ ಗುರಿ ಇಟ್ಟದ್ದನ್ನು ಕಂಡವರು ಕಡಿಮೆ. ಅವನ ಹುಚ್ಚೆಲ್ಲ ಕೋವಿಯ ಮೂತಿಗೆ ತಿರುಗಿಸಿ ಕೂರಿಸುವ ಸೈಲೆನ್ಸರ್ ಕೊಳವೆಗಳ ಮೇಲೆ. ಮರದ ಕಾರ್ಖಾನೆಯಲ್ಲಿ ಗರಗಸಗಳ ಸದ್ದು ಅಳೆಯುವುದು ಅವನ ಸಂಬಳದ ಕೆಲಸ. ರಜೆಯ ದಿನ ಅದೇ ಮಾಪಕವನ್ನು ಹಳೆಯ ಜಲ್ಲಿ ಕ್ವಾರಿಗೆ ಹೊತ್ತೊಯ್ದು, ಯಾವ ಕೊಳವೆ ಎಷ್ಟು ಸದ್ದು ನುಂಗುತ್ತದೆ ಎಂದು ಒಂದಕ್ಕೊಂದು ಹೋಲಿಸಿ ನೋಡುತ್ತಿದ್ದ. ತಯಾರಕರು ಪುಕ್ಕಟೆ ಕಳಿಸಿದ ಕೊಳವೆಯನ್ನು ಪೊಟ್ಟಣ ಬಿಚ್ಚದೆ ವಾಪಸು ಮಾಡುತ್ತಿದ್ದ. ಅವರ ಒಂದು ಲೋಟ ಕಾಫಿ ಕುಡಿದರೂ ಮಾಪಕದ ಮುಳ್ಳು ಅವರ ಕಡೆಗೆ ವಾಲುತ್ತದೆ ಎನ್ನುತ್ತಿದ್ದ. ಬೇಟೆಗಾರರು ಸ್ವಂತ ದುಡ್ಡಿನಲ್ಲಿ ಕೊಂಡು ತಂದದ್ದನ್ನು ಮಾತ್ರ ಅವನು ಮುಟ್ಟುತ್ತಿದ್ದದ್ದು.

ಪರೀಕ್ಷೆಯಲ್ಲಂತೂ ಮಹಾ ಮಡಿವಂತ. ಎಲ್ಲ ಕೊಳವೆಗೂ ಒಂದೇ ರೈಫಲ್, ಒಂದೇ ಪೆಟ್ಟಿಗೆಯ ತೋಟಾ. ಮೈಕು ಹೊಡೆಯುವವನ ಕಿವಿಯ ಪಕ್ಕದಲ್ಲೇ ಇರಬೇಕು. ಗಾಳಿ ಎದ್ದರೆ ಅವತ್ತಿನ ಕೆಲಸ ಬಂದ್. ಇನ್ನು ಮೊದಲ ಗುಂಡನ್ನು ಅವನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಅದರಲ್ಲಿ ಅವನದೇನೂ ಹೊಸತಿಲ್ಲ. ಎಣ್ಣೆ ಹಚ್ಚಿ ಒರೆಸಿಟ್ಟ ನಳಿಗೆಯಿಂದ ಹೊರಡುವ ಮೊದಲನೆಯದನ್ನು ನಾವೆಲ್ಲ ಎಣ್ಣೆಯ ಗುಂಡು ಎನ್ನುತ್ತೇವೆ, ಗುರಿ ಹೊಂದಿಸುವಾಗಲೂ ಅದನ್ನು ಬಿಟ್ಟೇ ಎಣಿಸುತ್ತೇವೆ. ಅದರ ಸದ್ದು ಒಂದೊಂದು ಸಲ ಒಂದೊಂದು ಥರ ಬರುತ್ತದೆ, ಅದನ್ನು ಸೇರಿಸಿದರೆ ಯಾವ ಕೊಳವೆಗೂ ನ್ಯಾಯ ಸಿಗುವುದಿಲ್ಲ ಎಂದು ತೌನೊನ ನಂಬಿಕೆ.

ಅಹ್ತಿ ನನ್ನ ತಮ್ಮ. ನಾನು ತಂಡದಲ್ಲಿ ಮಾಂಸ ಕಡಿಯುವವಳು, ಅವನು ಬೇಟೆನಾಯಿಯ ಜೊತೆ ಹೋಗುವವನು. ಆಗ ನಾಯಿಯ ಕೊರಳಿಗೆ ಈಗಿನಂತೆ ಜಾಗ ತೋರಿಸುವ ಯಂತ್ರ ಇರಲಿಲ್ಲ. ಅವನ ನಾಯಿ ರುಸ್ಕಾ ಕಾಡಿನಲ್ಲಿ ಎಲ್ಲೋ ಕಡವೆಯನ್ನು ತಡೆದು ನಿಲ್ಲಿಸಿ ಬೊಗಳುತ್ತಿತ್ತು. ಅಹ್ತಿ ಆ ಸದ್ದಿನ ಜಾಡು ಹಿಡಿದು, ಜವುಗು ನೆಲ ದಾಟಿ, ಹೆಜ್ಜೆಯ ಸುಳಿವು ಕೊಡದೆ ಹತ್ತಿರ ಹೋಗಿ ಒಂದೇ ಒಂದು ಗುಂಡು ಹೊಡೆಯುತ್ತಿದ್ದ. ಕಿವಿಗೆ ಗವಸು ಹಾಕಿಕೊಂಡರೆ ಬೊಗಳು ಯಾವ ದಿಕ್ಕಿನದು ಎಂದು ತಿಳಿಯದು. ಹಾಕದಿದ್ದರೆ ಗುಂಡಿನ ಸದ್ದು ತಲೆಯೊಳಗೇ ಸಿಡಿಯುತ್ತದೆ. ಅದಕ್ಕೇ ತೌನೊನ ಪರೀಕ್ಷೆಯಲ್ಲಿ ಮೊದಲನೆಯದಾಗಿ ಬಂದ ಗಿಡ್ಡ ಕೊಳವೆಯನ್ನು ಅವನು ಕಣ್ಣುಮುಚ್ಚಿ ಕೊಂಡ. ಇದರ ಸದ್ದು ಅಪಾಯದ ಗೆರೆಯ ಕೆಳಗಿದೆ, ಬರಿಗಿವಿಗೂ ಸಾಕು ಎಂದು ತೌನೊ ತಂಡಕ್ಕೆ ಕೊಟ್ಟ ಪಟ್ಟಿಯಲ್ಲಿ ಬರೆದಿದ್ದ. ಅಹ್ತಿಯ ಗವಸು ಮೊಳೆಗೆ ನೇತುಬಿತ್ತು.

ಕೆಲವು ವರ್ಷ ಹಾಗೆಯೇ ನಡೆಯಿತು. ಒಂದು ಅಕ್ಟೋಬರಿನಲ್ಲಿ ರುಸ್ಕಾ ಕೆರೆಯಾಚೆ ಬೊಗಳತೊಡಗಿತು. ಆ ಸದ್ದು ನಮಗೆಲ್ಲ ಸ್ಪಷ್ಟವಾಗಿತ್ತು. ಅಹ್ತಿ ಮಾತ್ರ ತದ್ವಿರುದ್ಧ ದಿಕ್ಕಿಗೆ ನಡೆದು ಮರಗಳ ನಡುವೆ ಮರೆಯಾದ. ಏನೋ ಉಪಾಯ ಮಾಡಿದ್ದಾನೆ ಎಂದು ನಾವು ಸುಮ್ಮನಿದ್ದೆವು. ಕತ್ತಲಾಗುವವರೆಗೂ ನಾಯಿ ಒಂದೇ ಸಮನೆ ಕರೆಯಿತು. ಕೊನೆಗೆ ಗಂಟಲು ಕಟ್ಟಿ ಕುಂಟುತ್ತ ಬಂದು, ಅಹ್ತಿಯ ಹತ್ತಿರ ಸುಳಿಯದೆ ನನ್ನ ಕಾಲ ಬಳಿ ಮಲಗಿತು. ಅಷ್ಟರಲ್ಲಿ ಬರಿಗೈಯಲ್ಲಿ ವಾಪಸಾಗಿದ್ದ ಅಹ್ತಿ ನೆಲ ನೋಡುತ್ತ ನಿಂತಿದ್ದ.

ಆ ಶನಿವಾರ ಗಂಡಸರು ಸೌನಾದ ಹಬೆಕೋಣೆಯಲ್ಲಿ ಕೂತಿದ್ದಾಗ ಏನಾಯಿತೆಂದು ತೌನೊನೇ ಆಮೇಲೆ ನನಗೆ ಹೇಳಿದ. ಅಹ್ತಿ ಕಾದ ಕಲ್ಲಿನ ಮೇಲೆ ನೀರು ಎರಚಿದನಂತೆ. ಕಲ್ಲು ಚುಸ್ಸೆಂದಿತು. ಅಹ್ತಿ ಇನ್ನೊಂದು ಸೌಟು ಎರಚಿದ, ಮತ್ತೊಂದು ಎರಚಿದ. ಉಳಿದವರು ಹಬೆ ತಾಳಲಾರದೆ ಬೈದುಕೊಂಡು ಹೊರಗೆ ಓಡಿದರು. ತೌನೊ ಕೂತೇ ಇದ್ದ. ಸದ್ದಿಗೆ ಸಿಕ್ಕ ಕಿವಿ ಮೊದಲು ಕಳೆದುಕೊಳ್ಳುವುದು ಇಂಥ ತೆಳು ಸದ್ದನ್ನೇ ಎಂದು ಕಾರ್ಖಾನೆಯ ಎಷ್ಟು ಜನರಲ್ಲಿ ಕಂಡಿದ್ದನೋ. ಸದ್ದೇ ಇಲ್ಲ, ಕಲ್ಲು ಕಾದಿಲ್ಲ ಎಂದು ಅಹ್ತಿ ಗೊಣಗುತ್ತಿದ್ದ.

ಮಾರನೆಯ ಬೆಳಿಗ್ಗೆ ತೌನೊ ಅಹ್ತಿಯ ರೈಫಲನ್ನು ಕೊಳವೆ ಸಮೇತ ಕೇಳಿ ಪಡೆದು ಕ್ವಾರಿಗೆ ಹೊರಟ. ನನಗೂ ತಡೆಯಲಾಗಲಿಲ್ಲ, ಹಿಂದೆಯೇ ಹೋದೆ. ಈ ಸಲ ಅವನು ಮೊದಲ ಗುಂಡನ್ನೇ ಅಳೆದ. ಮುಳ್ಳು ಅಪಾಯದ ಗೆರೆ ದಾಟಿ ಮೇಲೆ ನಿಂತಿತು. ಎರಡನೆಯ ಗುಂಡಿಗೆ ಗೆರೆಯ ಕೆಳಗೆ ಇಳಿಯಿತು. ಕೊಳವೆ ಬಿಚ್ಚಿ, ಗಾಳಿಗೆ ಹಿಡಿದು, ತಣ್ಣಗಾಗಲು ಬಿಟ್ಟು, ಮತ್ತೆ ಕೂರಿಸಿ ಹೊಡೆದ. ಪುನಃ ಗೆರೆಯ ಮೇಲೆ. ತಣ್ಣಗಿನ ಕೊಳವೆಯ ತುಂಬ ಹೊಸ ಗಾಳಿ ಇರುತ್ತದೆ, ಮೊದಲ ಗುಂಡಿನ ಬೆಂಕಿ ಅದರಲ್ಲಿ ಇನ್ನೊಮ್ಮೆ ಹೊತ್ತಿ ಸಿಡಿಯುತ್ತದೆ, ಆಮೇಲಿನ ಗುಂಡುಗಳಿಗೆ ಒಳಗೆ ಉಳಿದಿರುವುದು ಬರೀ ಹೊಗೆ ಎಂದು ಅವನು ತನಗೆ ತಾನೇ ಹೇಳಿಕೊಳ್ಳುವವನಂತೆ ಹೇಳಿದ. ಅಲ್ಲಿಂದ ನೆಟ್ಟಗೆ ನಮ್ಮ ಅಂಗಳಕ್ಕೆ ಬಂದ.

"ಅಹ್ತಿ, ತಪ್ಪು ನಂದೇ. ನೀನು ಕಾಡಲ್ಲಿ ಹೊಡೆಯೋದು ಒಂದೇ ಗುಂಡು. ನಾನು ಲೆಕ್ಕಕ್ಕೆ ಹಿಡಿಯದೆ ಬಿಟ್ಟಿದ್ದೂ ಅದೊಂದನ್ನೇ."

ಅಹ್ತಿ ಕಿವಿಗೆ ಕೈ ಅಡ್ಡ ಹಿಡಿದು ಇನ್ನೊಮ್ಮೆ ಹೇಳು ಎಂದ. ತೌನೊ ಆ ಮಾತನ್ನೇ ಗಟ್ಟಿಯಾಗಿ ಮತ್ತೆ ಹೇಳಬೇಕಾಯಿತು.

"ಪರೀಕ್ಷೆ ಮಾಡೋವಾಗ ನಿನ್ನ ಕಿವಿಗೆ ಏನು ಹಾಕ್ಕೋತಿದ್ದೆ?" ಎಂದು ಅಹ್ತಿ ಕೇಳಿದ.

"ಒಳಗೆ ಬಿರಡೆ. ಮೇಲೆ ಗವಸು."

"ಎರಡೂ?"

"ಹೂಂ. ಎರಡೂ."

"ನಮಗೆ ಮಾತ್ರ ಒಂದೂ ಬೇಡ ಅಂತ ಬರೆದೆ. ಭೇಷ್ ಕಣಯ್ಯ."

ತೌನೊನ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ನನಗೆ ಬಂದಿತ್ತು. ಆದರೂ ಕಾಫಿ ಕಾಸಿ ಕೊಟ್ಟೆ. ಅಂಗಳಕ್ಕೆ ಬಂದವನಿಗೆ ಕಾಫಿ ಕೊಡದಷ್ಟು ಸಿಟ್ಟು ನಮ್ಮಲ್ಲಿ ಯಾರಿಗೂ ಬರುವುದಿಲ್ಲ. ಅವನು ಅದನ್ನು ಕುಡಿಯದೆ ಎದ್ದು ಹೋದ. ಕಯಾನಿ ಪಟ್ಟಣದ ಡಾಕ್ಟರು ಅಹ್ತಿಯ ಕಿವಿ ನೋಡಿ, ಹೋದದ್ದು ಹೋಯಿತು, ಇದ್ದದ್ದನ್ನು ಉಳಿಸಿಕೊಳ್ಳಿ ಎಂದರು.

ಬೇಟೆಯ ಋತುವಿನ ಕೊನೆಯ ಔತಣದಲ್ಲಿ, ಊರಿನವರೆಲ್ಲ ಕಡವೆ ಸಾರಿನ ಮುಂದೆ ಕೂತಿದ್ದಾಗ ತೌನೊ ಎದ್ದು ನಿಂತು ಎಲ್ಲವನ್ನೂ ಹೇಳಿದ. ಮೊದಲ ಗುಂಡಿನ ಲೆಕ್ಕ ಹಿಡಿದರೆ ಮೇಲಿದ್ದ ಗಿಡ್ಡ ಕೊಳವೆ ಎಲ್ಲಕ್ಕಿಂತ ಕೆಳಗೆ ಹೋಗುತ್ತದೆ ಎಂದ. ಹಾಗಾದರೆ ಬರಿಗಿವಿಗೆ ಯಾವುದು ಒಳ್ಳೆಯದು ಎಂದು ಯಾರೋ ಕೇಳಿದರು. ಯಾವುದೂ ಅಲ್ಲ, ಗವಸು ಹಾಕಿಕೊಳ್ಳಿ ಎಂದ. ಅದು ಯಾರಿಗೂ ರುಚಿಸಲಿಲ್ಲ. ಅಹ್ತಿಗೆ ವಯಸ್ಸಾಗಿದೆ, ಅದಕ್ಕೆ ಈ ಪೆದ್ದ ಅಳುತ್ತಿದ್ದಾನೆ ಎಂದು ಹಿಂದಿನ ಸಾಲಿನಲ್ಲಿ ನಗು ಎದ್ದಿತು. ಆಮೇಲೆ ಕ್ವಾರಿಗೆ ಕೊಳವೆ ತರುವವರೇ ಇಲ್ಲವಾದರು. ಪುಕ್ಕಟೆ ಕೊಳವೆ ಪಡೆದು ಹೊಗಳುವವನೊಬ್ಬ ಪಕ್ಕದ ಊರಿನಲ್ಲಿ ಸಿಕ್ಕಿದ್ದ, ಎಲ್ಲರೂ ಅಲ್ಲಿಗೆ ಹೋದರು.

ರುಸ್ಕಾವನ್ನು ಯಾರಿಗಾದರೂ ಕೊಟ್ಟುಬಿಡುತ್ತೇನೆ ಎಂದು ಅಹ್ತಿ ಬೇಸಿಗೆಯೆಲ್ಲ ಹೇಳುತ್ತಿದ್ದ. ದಿಕ್ಕು ತಿಳಿಯದವನಿಗೆ ಅಂಥ ನಾಯಿ ಯಾಕೆ ಎಂಬುದು ಅವನ ಮಾತು. ಹೇಳುತ್ತ ಅದರ ಕಿವಿ ಸವರುತ್ತಿದ್ದ, ಕೊಡುತ್ತಿರಲಿಲ್ಲ.

ಮುಂದಿನ ಬೇಟೆಯ ಮೊದಲ ದಿನ ತೌನೊ ಕೋವಿಯಿಲ್ಲದೆ ಬಂದು ನಮ್ಮ ಗೇಟಿನ ಬಳಿ ನಿಂತ. ಅಹ್ತಿ ನಾಯಿಯ ಹಗ್ಗ ಅವನ ಕೈಗೆ ಕೊಟ್ಟ. ನಾನು ಚೂರಿಗಳ ಚೀಲ ಹಿಡಿದು ಅವರ ಹಿಂದೆ ಹೋದೆ. ಹಗ್ಗ ಬಿಚ್ಚಿದ್ದೇ ರುಸ್ಕಾ ಮಾಯವಾಯಿತು. ಅದು ಬೊಗಳತೊಡಗಿದಾಗ ತೌನೊ ನಿಂತು ಆಲಿಸಿ ಕೈ ಚಾಚುತ್ತಿದ್ದ. ಅಹ್ತಿ ಆ ಕೈ ನೋಡಿ ಹೆಜ್ಜೆ ಇಡುತ್ತಿದ್ದ. ಬಿಳಿ ತೊಗಟೆಯ ಮರಗಳಾಚೆ ಕಡವೆ ಕಂಡಿತು. ಅಹ್ತಿ ಗವಸು ಏರಿಸಿ ಹೊಡೆದ. ಕಡವೆ ಮಂಡಿಯೂರಿ ಬಿತ್ತು. ನಾಯಿ ಇನ್ನೂ ಸ್ವಲ್ಪ ಬೊಗಳಿ ಸುಮ್ಮನಾಯಿತು.

ಅಹ್ತಿ ಗವಸು ತೆಗೆದು ತೌನೊನ ಕಡೆ ತಿರುಗಿದ.

"ಬೊಗಳು ನಿಂತಿತಾ?"

"ನಿಂತಿತು," ಎಂದ ತೌನೊ.

"ನನಗೆ ನಿಲ್ಲೋದೇ ಇಲ್ಲ ಕಣೋ. ಕಿವಿಯೊಳಗೆ ಹಗಲೂ ರಾತ್ರಿ ಕುಯ್ಯೋ ಅಂತಿರುತ್ತೆ."

ಅಹ್ತಿ ತೌನೊನ ಹೆಗಲ ಮೇಲೆ ಕೈಯಿಟ್ಟು, ನಡಿ, ನಾಯಿ ಎಲ್ಲಿದೆ ತೋರಿಸು ಎಂದ.