ಶಾಫ್ಟ್ ಖಲೀಲರ ತಪ್ಪಿದ ಅಳತೆ

ಬೆಳಗಿನ ಆರು ಗಂಟೆ. ಕ್ಯಾತ್ಸಂದ್ರದ ಸರ್ವಿಸ್ ರಸ್ತೆಯ ಹೋಟೆಲುಗಳಲ್ಲಿ ಮೊದಲ ಇಡ್ಲಿ ಇನ್ನೂ ಬೇಯುತ್ತಿದೆ. ಪಕ್ಕದ ತಗಡಿನ ಶೆಡ್ಡಿನಲ್ಲಿ ಖಲೀಲುಲ್ಲಾ ಆಗಲೇ ಲೇತ್ ಆನ್ ಮಾಡಿದ್ದಾರೆ. ಅದರಲ್ಲಿ ಗಿರಗಿರ ತಿರುಗುತ್ತಿರುವುದು ಲಾರಿಯ ಪ್ರೊಪೆಲ್ಲರ್ ಶಾಫ್ಟ್. ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ಬಲ ಮುಟ್ಟಿಸುವ ಉದ್ದನೆಯ ಕಬ್ಬಿಣದ ಕೊಳವೆ. ಅವರು ಸೀಮೆಸುಣ್ಣದ ತುಂಡೊಂದನ್ನು ಅದರ ಹತ್ತಿರ ಹಿಡಿಯುತ್ತಾರೆ. ಸುಣ್ಣ ಒಂದು ಕಡೆ ಮಾತ್ರ ಗೀಚುತ್ತದೆ. ಪೇಪರಿಗೆ ಬರೆಯಲು ಬಂದ ನನ್ನತ್ತ ತಿರುಗುತ್ತಾರೆ.

"ಇಲ್ಲೇ ನೋಡಿ ಸಾರ್, ಬೆಂಡಾಗೈತೆ. ಡ್ರೈವರ್‌ಗೆ ಸೀಟೆಲ್ಲಾ ನಡುಗ್ತಿತ್ತಂತೆ."

ಚೇಳೂರಿನಿಂದ ಹತ್ತೊಂಬತ್ತನೇ ವಯಸ್ಸಿಗೆ ಬಸ್ಸು ಹತ್ತಿ ಬಂದವರಿಗೆ ಈಗ ಐವತ್ತೇಳು. ದಿನಕ್ಕೆ ಆರೇಳು ಶಾಫ್ಟು, ಒಂದೊಂದೂ ಮೂವತ್ತು ನಲವತ್ತು ಕೆ.ಜಿ. ಎಡಗಿವಿ ಮಂದವಾಗಿದೆ, ಸೊಂಟ ಮಾತು ಕೇಳುವುದಿಲ್ಲ. ಆದರೂ ಗುಬ್ಬಿಯಿಂದ ಕುಣಿಗಲ್ಲಿನವರೆಗೆ ಯಾವ ಲಾರಿ ನಡುಗಿದರೂ ಡ್ರೈವರುಗಳ ಬಾಯಲ್ಲಿ ಬರುವ ಹೆಸರು ಶಾಫ್ಟ್ ಖಲೀಲ್. ಹೆಂಡತಿ ಜೈನಬ್ ಬೀ ಅವರದು ಬೇರೆಯೇ ದೂರು. "ಮನೇಲಿ ಫ್ಯಾನ್ ಹಾಕುದ್ರೆ ಗಾಳಿ ಬರ್ತೈತಾ ಅಂತ ನೋಡಲ್ಲ. ಅಲ್ಲಾಡ್ತೈತಾ ಅಂತ ನೋಡ್ತಾರೆ!"

ಇಂಥ ಮನುಷ್ಯನ ಅಳತೆಯೇ ಈ ವರ್ಷ ತಪ್ಪಿತು. ಶೆಟ್ಟಿಹಳ್ಳಿಯ ಭೂಮಿಕಾ ಪಾಲಿಟೆಕ್ನಿಕ್ ಉಪನ್ಯಾಸಕಿ. ಭಾನುವಾರ ಬಂತೆಂದರೆ ಕಾರ್ ರೇಸಿನ ಹುಚ್ಚು. ಎಂಜಿನ್ನಿನ ಬಲ ಹೆಚ್ಚಿಸಿದ ತಮ್ಮ ಹಳೆಯ ಕಾರಿಗೆ ಕಬ್ಬಿಣದ ಶಾಫ್ಟ್ ತೆಗೆದು ಅಲ್ಯೂಮಿನಿಯಂನದು ಹಾಕಿಸುವ ಆಸೆ ಅವರಿಗೆ. ತೂಕ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ, ಕಾರು ಬೇಗ ವೇಗ ಹಿಡಿಯುತ್ತದೆ. ಖಲೀಲರು ಅಳತೆ ಕೊಟ್ಟರು, ಹೊರರಾಜ್ಯದ ಕಾರ್ಖಾನೆಯೊಂದು ಮಾಡಿ ಕಳಿಸಿತು. ರೇಸಿಗೆ ಎರಡು ದಿನ ಇರುವಾಗ ಪಕ್ಕದ ಗ್ಯಾರೇಜಿನ ಲಿಫ್ಟ್ ಮೇಲೆ ಎತ್ತಿದ ಕಾರಿಗೆ ಅದು ಬೆಣ್ಣೆಯ ಹಾಗೆ ಕೂತುಕೊಂಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಕಾರು ಕೆಳಗಿಳಿಯುವಾಗ 'ಟಕ್' ಎಂದಿತು. ಆ ಸಣ್ಣ ಸದ್ದು ಮುಟ್ಟಿದ್ದು ಮಂದಗಿವಿಯ ಖಲೀಲರಿಗೆ ಮಾತ್ರ.

"ಆಗ್ಲೇ ತಪ್ಪು ಗೊತ್ತಾಯ್ತು ಸಾರ್. ಲಾರಿನ ಯಾವ್ ಲಿಫ್ಟೂ ಎತ್ತಲ್ಲ, ಅದು ತನ್ ಕಾಲ್ ಮೇಲೇ ನಿಂತಿರ್ತೈತೆ, ನಾನು ಕೆಳಗೆ ನುಗ್ಗಿ ಅಳೀತೀನಿ. ಈ ಕಾರನ್ನ ಲಿಫ್ಟ್‌ನಲ್ಲಿ ಎತ್ತಿ ಅಳೆದ್ಬುಟ್ಟೆ. ಚಕ್ರ ಜೋತಾಡ್ತಿತ್ತು, ಅಳತೆ ಒಂದ್ ಬೆರಳು ಜಾಸ್ತಿ ಬಂತು. ನೆಲಕ್ಕಿಳಿದ್ರೆ ಶಾಫ್ಟ್ ಹೋಗಿ ಗೇರ್‌ಬಾಕ್ಸ್‌ಗೆ ಒತ್ತುತ್ತೆ. ಕಬ್ಬಿಣ ಆಗಿದ್ರೆ ಕಟ್ ಮಾಡಿ ವೆಲ್ಡಿಂಗ್ ಹೊಡೀತಿದ್ದೆ. ಅಲ್ಯೂಮಿನಿಯಂ ನನ್ ಕೈಲಿ ಆಗಲ್ಲ."

ತುಟಿ ಪಿಟಕ್ ಎನ್ನದೆ ಇದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ರೇಸಿನಲ್ಲಿ ಗೇರ್‌ಬಾಕ್ಸ್ ಒಡೆದರೆ ತಪ್ಪು ಕಾರ್ಖಾನೆಯ ತಲೆಗೆ ಹೋಗುತ್ತಿತ್ತು. ಖಲೀಲರು ಅಷ್ಟು ಜನರ ಮುಂದೆಯೇ, "ಬಿಚ್ಚಬೇಕು ಕಣಮ್ಮಾ, ತಪ್ಪು ನಂದು" ಎಂದರು. ಭೂಮಿಕಾ ಮುಖ ಗಂಟಿಕ್ಕಿಕೊಂಡು, ಹಳೆಯ ಕಬ್ಬಿಣದ ಶಾಫ್ಟನ್ನೇ ಹಾಕಿಸಿಕೊಂಡು ಹೊರಟುಹೋದರು. ರೇಸಿನಲ್ಲಿ ನಾಲ್ಕನೇ ಸ್ಥಾನ. ಆಮೇಲೆ ಮೂರು ತಿಂಗಳು ಇತ್ತ ತಲೆಹಾಕಲಿಲ್ಲ. ಊರು ನಂಬಿದ ಕೈ ಇದು. ಆ ಮೂರು ತಿಂಗಳು ಖಲೀಲರಿಗೇ ಅದರ ಮೇಲೆ ನಂಬಿಕೆ ಇರಲಿಲ್ಲವಂತೆ. ಪ್ರತಿ ಶಾಫ್ಟನ್ನೂ ನಾಲ್ಕು ನಾಲ್ಕು ಸಲ ಅಳೆಯುತ್ತಿದ್ದರಂತೆ. ಕೇಳಿ ನನಗೆ ಸಂಕಟವಾಯಿತು.

ನಾವು ಮಾತಾಡುತ್ತಿರುವಾಗಲೇ ಕಾರೊಂದು ಬಂದು ನಿಲ್ಲುತ್ತದೆ. ಇಳಿದವರು ಭೂಮಿಕಾ.

"ಭಾಯ್, ಅಲ್ಯೂಮಿನಿಯಂದು ಇನ್ನೊಂದ್ಸಲ ಆರ್ಡರ್ ಮಾಡ್ತಿದೀನಿ. ಅಳತೆ ತಗೊಳ್ಳಿ."

ಖಲೀಲರು ಕೈ ಒರೆಸಿಕೊಳ್ಳುತ್ತಾರೆ. "ಬೆಂಗ್ಳೂರಲ್ಲಿ ದೊಡ್ಡ ದೊಡ್ಡ ವರ್ಕ್‌ಶಾಪ್ ಅವೆ. ಅಲ್ಲಿ ತೋರ್ಸಮ್ಮಾ."

"ತೋರಿಸ್ದೆ. ಅವ್ರೂ ಒಳ್ಳೆ ಕೆಲಸಗಾರ್ರೇ. ಆದ್ರೆ ತಪ್ಪಾದ್ರೆ ಹೇಳ್ತಾರೋ ಇಲ್ವೋ ನಂಗೊತ್ತಿಲ್ಲ. ನೀವು ಹೇಳ್ತೀರ."

ಖಲೀಲರು ಟೇಪು ಕೈಗೆತ್ತಿಕೊಳ್ಳುತ್ತಾರೆ. ಕಾರನ್ನು ಸಮನೆಲದಲ್ಲಿ ತೋಡಿದ ರಿಪೇರಿ ಗುಂಡಿಯ ಮೇಲೆ ನಿಲ್ಲಿಸಿ, ಓಡುವಾಗಿನ ಭಾರವೇ ಇರಲೆಂದು ಭೂಮಿಕಾರನ್ನು ಡ್ರೈವರ್ ಸೀಟಿನಲ್ಲೇ ಕೂರಿಸಿ, ಗುಂಡಿಗೆ ಇಳಿಯುತ್ತಾರೆ. ಹತ್ತು ನಿಮಿಷದ ಮೇಲೆ ಕೆಳಗಿನಿಂದ ಒಂದು ಅಂಕಿ ಕೇಳಿಬರುತ್ತದೆ. ಭೂಮಿಕಾ ಮರುಪ್ರಶ್ನೆ ಹಾಕದೆ ಮೊಬೈಲಿನಲ್ಲಿ ಬರೆದುಕೊಳ್ಳುತ್ತಾರೆ.

ಹೊರಡುವಾಗ ನಾನು ಕೇಳುತ್ತೇನೆ: ಆ ತಪ್ಪಿನ ವಿಷಯ ಪೇಪರಿನಲ್ಲಿ ಬೇಡವೆಂದರೆ ಬಿಟ್ಟುಬಿಡಲೇ?

"ಬರೀರಿ ಸಾರ್, ನಾನೇ ಮಾಡಿದ್ದಲ್ವಾ," ಎನ್ನುತ್ತಾರೆ. ಎರಡು ಹೆಜ್ಜೆ ಹೋದವರು ತಿರುಗಿ ನಿಲ್ಲುತ್ತಾರೆ. "ಹೇಳಿದ್ದೂ ನಾನೇ ಅಂತ ಒಂದ್ ಲೈನ್ ಹಾಕಿ."